ಚೀಟಿ ಹೇಳಿದ ಮೇಲೆ ಮುಗೀತು

ಮಹಾಲಿಂಗಯ್ಯನವರಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಸಂಕಟ, ಅದರ ಹೆಸರು ತಂಗಳು. ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡ ಪುಣ್ಯಾತ್ಮನ ಮನೆಯಲ್ಲಿ ಡಬ್ಬಿಗಳಿಗೇನು ಬರವೇ? ಒಂದು ಸೌಟು ಸಾರು ಉಳಿದರೂ ಹೆಂಡತಿ ಚನ್ನಮಲ್ಲಮ್ಮ ಅದನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಫ್ರಿಜ್ಜಿನಲ್ಲಿ ಪ್ರತಿಷ್ಠಾಪನೆ ಮಾಡಿಬಿಡುತ್ತಿದ್ದರು. ರಾತ್ರಿಯ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕರಗಿ ಅಂಬಲಿಯಾಗಿ ಬರುತ್ತಿತ್ತು. ಉಳಿದ ಉಪ್ಪಿಟ್ಟು ಅಕ್ಕಿಹಿಟ್ಟು ಸೇರಿಸಿಕೊಂಡು ರೊಟ್ಟಿಯ ವೇಷದಲ್ಲಿ ಬರುತ್ತಿತ್ತು. ಬಸ್ಸಾರಂತೂ (ಯಾವತ್ತು ಮಾಡಿದ್ದೆಂದು ಯಾರಿಗೂ ನೆನಪಿಲ್ಲ) ಕುದ್ದೂ ಕುದ್ದೂ ಮನೆಯ ಹಿರಿಯ ಸದಸ್ಯನಾಗಿತ್ತು. ಹೊಸದಾಗಿ, ಬಿಸಿಬಿಸಿಯಾಗಿ ಸಿಗುತ್ತಿದ್ದದ್ದು ಭಾನುವಾರದ ದೋಸೆ ಒಂದೇ. ಪಾಪ, ಅದಕ್ಕೋಸ್ಕರವೇ ಅವರು ವಾರವಿಡೀ ಜೀವ ಹಿಡಿದುಕೊಂಡಿರುತ್ತಿದ್ದರು.

ಒಂದು ಶನಿವಾರ ತುಮಕೂರಿನಿಂದ ಅಣ್ಣನ ಮಗಳು ಅಶ್ವಿನಿ ಬಂದಳು. ತಿಂಡಿ, ಔಷಧಿ ಪ್ಯಾಕೆಟ್ಟುಗಳಿಗೆ ಲೇಬಲ್ ತಯಾರಿಸುವ ಕಂಪನಿಯಲ್ಲಿ ಅವಳ ಕೆಲಸ. ಒಂದು ಹಾಳೆಯ ತುಂಬ ಹಣೆಬೊಟ್ಟಿನಷ್ಟು ದೊಡ್ಡ ಹಸಿರು ಚೀಟಿಗಳನ್ನು ತಂದಿದ್ದಳು.

“ಮುಚ್ಚಳದ ಒಳಗಡೆ ಅಂಟಿಸಬೇಕು ಚಿಕ್ಕಪ್ಪ. ಒಳಗಿರೋದು ಹುಳಿ ಬಂದು ಕೆಟ್ಟರೆ ಚೀಟಿ ಕೆಂಪಾಗುತ್ತೆ. ಇದು ಪ್ಯಾಕೆಟ್ ಹಾಲು, ಪನೀರಿಗೆ ಅಂತ ಮಾಡಿರೋದು. ಮನೇಲಿರೋದಕ್ಕೆಲ್ಲ ಅಂಟಿಸಿದ್ರೆ...”

ಮುಂದಿನದ್ದನ್ನು ಕೇಳುವ ವ್ಯವಧಾನ ಯಾರಿಗಿತ್ತು! ಹುಡುಗಿ ಬಸ್ಸು ಹತ್ತಿದ್ದೇ ತಡ, ಮಹಾಲಿಂಗಯ್ಯನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ರಾಜಾಜ್ಞೆ ಹೊರಡಿಸಿದರು.

“ನೋಡೇ, ಇವತ್ತಿಂದ ನೀನು ಮೂಸಿ ಹೇಳೋದೂ ಬ್ಯಾಡ, ನಾನು ಹೇಳೋದೂ ಬ್ಯಾಡ. ಚೀಟಿ ಹೇಳ್ತದೆ. ಕೆಂಪಾತಾ, ಆ ಪದಾರ್ಥ ಮನೆಯಿಂದ ಆಚೆಗೆ!”

“ಹಸಿರಾಗೇ ಇದ್ರೆ?”

“ತುಟಿ ಪಿಟಕ್ಕನ್ನದೆ ತಿಂತೀನಿ.”

“ವಿಭೂತಿ ಮುಟ್ಟಿ ಹೇಳಿ.”

ಮುಟ್ಟಿದರು. ಮುಟ್ಟಿ, ಕಣ್ಣಿಗೂ ಒತ್ತಿಕೊಂಡರು. ಆಮೇಲೆ ಬಸ್ಸಾರಿಗೊಂದು, ಉಪ್ಪಿಟ್ಟಿಗೊಂದು, ಗೊಜ್ಜಿಗೊಂದು, ಕೆಮ್ಮಿನ ಔಷಧಿಗೊಂದು ಅಂತ ಅಂಟಿಸುತ್ತಾ ಹೋದರು. ಆ ಹುರುಪಿನಲ್ಲಿ ಕಟ್ಟೆಯ ಮೇಲೆ ಆಗಷ್ಟೇ ರುಬ್ಬಿಟ್ಟಿದ್ದ ದೋಸೆಹಿಟ್ಟಿನ ಪಾತ್ರೆಗೂ ಒಂದು ಅಂಟಿಸಿದರು.

ಭಾನುವಾರ ಬೆಳಿಗ್ಗೆ ಮುಖ ಕೂಡ ತೊಳೆಯದೆ ಫ್ರಿಜ್ಜು ತೆಗೆದರು. ಬಸ್ಸಾರು ಹಸಿರು. ಗೊಜ್ಜು ಹಸಿರು. ಶುಕ್ರವಾರದ ಉಪ್ಪಿಟ್ಟು ಗಿಣಿಯಷ್ಟು ಹಸಿರು! ಅಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ ಬಂತು.

“ರೀ, ಈ ಹಿಟ್ಟಿನ ಚೀಟಿ ಕೆಂಪಗಾಗೈತೆ.”

ಹಿಟ್ಟು ಉಬ್ಬಿ ಮುಚ್ಚಳಕ್ಕೆ ತಾಗಿತ್ತು. ಚೀಟಿ ಕುಂಕುಮದ ಹಾಗೆ ಕೆಂಪಾಗಿತ್ತು. ಮಹಾಲಿಂಗಯ್ಯನವರು ಓಡಿಬಂದು ಪಾತ್ರೆಗೆ ಅಡ್ಡ ನಿಂತರು.

“ಲೇ, ದೋಸೆಹಿಟ್ಟು ಹುಳಿ ಬರ್ಲಿ ಅಂತಲೇ ಅಲ್ವೇನೇ ರಾತ್ರಿಯೆಲ್ಲ ಇಡೋದು!”

“ಅದೆಲ್ಲ ನಂಗೇನು ಗೊತ್ತು? ಚೀಟಿ ಹೇಳಿದ ಮೇಲೆ ಮುಗೀತು. ವಿಭೂತಿ ಮುಟ್ಟಿದ್ದು ನೀವೋ ನಾನೋ?” ಎಂದವರೇ ಕಾಂಪೌಂಡಿನ ಹತ್ತಿರ ಹೋಗಿ ಪಕ್ಕದ ಮನೆಯಾಕೆಯನ್ನು ಕೂಗಿದರು, “ಜಯಕ್ಕಾ, ಪಾತ್ರೆ ತಗೊಳ್ಳಿ. ನಮ್ಮನೇವ್ರಿಗೆ ಈ ಹಿಟ್ಟು ಆಗಾಕಿಲ್ವಂತೆ!”

ಆಗುವುದಿಲ್ಲವಂತೆ! ಮಹಾಲಿಂಗಯ್ಯನವರು ಉಪ್ಪಿಟ್ಟಿನ ಮುಂದೆ ಕೂತರು. ಪಕ್ಕದ ಮನೆಯಿಂದ ಚುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ತುಪ್ಪದ ವಾಸನೆ ಬಂತು. ಇನ್ನೊಂದು ಚುಂಯ್. ಅವರಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. (ಒಗ್ಗರಣೆಯ ಮೆಣಸಿನಕಾಯಿಯಿಂದ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು.)

ಪಾತ್ರೆ ತೊಳೆದು ತಂದುಕೊಟ್ಟ ಜಯಕ್ಕನ ಮುಖ ಅರಳಿತ್ತು.

“ಅಣ್ಣೋ, ಆ ಚೀಟಿ ಇನ್ನೆಲ್ಡು ಇದ್ರೆ ಕೊಡಣ್ಣ. ಅದು ಕೆಂಪಾದಾಗ ಹುಯ್ದ್ರೆ ದೋಸೆ ಏನ್ ಗರಿಗರಿ ಬತ್ತಾವಪ್ಪ! ಒಂದೂ ಮಿಗಲಿಲ್ಲ.”

ಒಂದೂ ಮಿಗಲಿಲ್ಲ ಎಂಬ ಮಾತು ಕೇಳಿದ್ದೇ ತಡ, ಮಹಾಲಿಂಗಯ್ಯನವರು ತಟ್ಟೆ ತಳ್ಳಿ ಎದ್ದು ನಿಂತರು.

“ಈ ಚೀಟಿ ಸುಳ್ಳು! ಚೆನ್ನಾಗಿರೋದನ್ನ ಕೆಟ್ಟೋಗೈತೆ ಅಂತು. ಅಂದ್ಮೇಲೆ ಈ ಉಪ್ಪಿಟ್ಟು ಚೆನ್ನಾಗೈತೆ ಅಂದಿದ್ದೂ ಸುಳ್ಳೇ! ಚೀಟಿನೂ ಬ್ಯಾಡ, ಆಣೆನೂ ಬ್ಯಾಡ. ಎಲ್ಲಾ ರದ್ದು!”

“ಆಯ್ತು ಬುಡಿ, ರದ್ದು,” ಎಂದರು ಚನ್ನಮಲ್ಲಮ್ಮ.

ಮದುವೆಯಾದಾಗಿನಿಂದ ಆಕೆ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಇದೇ ಮೊದಲು. ಮಹಾಲಿಂಗಯ್ಯನವರಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ; ಗೆದ್ದೆ ಅಂದುಕೊಂಡು ಕೂತರು.

ಚನ್ನಮಲ್ಲಮ್ಮ ಮಿಕ್ಕ ಚೀಟಿಗಳ ಹಾಳೆಯನ್ನು ಜಯಕ್ಕನ ಕೈಗೆ ಕೊಟ್ಟು ಕಳಿಸಿದರು. ಉಪ್ಪಿಟ್ಟಿನ ಡಬ್ಬಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದರು.

“ಏನೂ ಆಗಿಲ್ಲ, ಘಮ್ಮಂತೈತೆ. ತಿನ್ನಿ,” ಎಂದು ತಟ್ಟೆಗೆ ಇನ್ನೊಂದು ಸೌಟು ಹಾಕಿದರು.