ತೆಳ್ಳಗಿನ ಮಾಡೆಲ್ಲು ಗೋಡೆ ಸೇರಿದ ಬಗೆ

"ಇವತ್ತಿನಿಂದ ನಾನು ಆಟದ ಪೆಟ್ಟಿಗೆ ಮುಟ್ಟಿದ್ರೆ ನನ್ನನ್ನ ಮನುಷ್ಯ ಅಂತ ಕರೀಬೇಡ!"

ಲಿಫ್ಟ್ ಮೆಕ್ಯಾನಿಕ್ ಮಹಾಶಯ ಊಟದ ಮೇಜು ಗುದ್ದಿ ಹೀಗೆ ಘೋಷಿಸಿದಾಗ ನೀರಿನ ಲೋಟ ನಾಲ್ಕಿಂಚು ಹಾರಿತು. ಹೆಂಡತಿ ಮಾತ್ರ ಅಲ್ಲಾಡಲಿಲ್ಲ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನಕ್ಕೆ ಎಂಬತ್ತು ಜನರಿಗೆ ಸೂಜಿ ಚುಚ್ಚುವವಳು ಆಕೆ. ಗಂಡಸರ ವೀರಾವೇಶ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟೇ ಪರಿಚಿತ.

"ಬರೆದುಕೊಡಿ" ಅಂದಳು.

ಬರೆದುಕೊಟ್ಟ. ಅದು ಫ್ರಿಜ್ಜಿನ ಬಾಗಿಲೇರಿತು.

ಘೋಷಣೆಗೆ ಕಾರಣವಿತ್ತು. ಕಣ್ಣಿನ ಆಪರೇಷನ್ ಆದಮೇಲೆ ಅತ್ತೆ, ಅಂದರೆ ಹೆಂಡತಿಯ ತಾಯಿ, ಐದು ತಿಂಗಳಿಂದ ಇವರ ಜೊತೆಗೇ ಇದ್ದರು. ಮೂವತ್ತು ವರ್ಷ ಶಿಶುವಿಹಾರದಲ್ಲಿ ಮಕ್ಕಳಿಗೆ ಕಥೆ ಹೇಳಿದ ಟೀಚರು. ಈಗ ಹಿಂದಿನ ಕೋಣೆಯ ಮಂಚದಲ್ಲಿ ಸದ್ದಿಲ್ಲದೆ ಮಲಗಿರುತ್ತಿದ್ದರು. ಹಿಂದಿನ ವಾರ ಬಚ್ಚಲಿನ ಚಿಲಕ ಸಿಕ್ಕಿಕೊಂಡು ಅವರು ಒಳಗೇ ಉಳಿದರು. ನಲವತ್ತು ನಿಮಿಷ ಬಾಗಿಲು ಬಡಿದರು. ಹೊರಗೆ ಸೋಫಾದಲ್ಲಿ ಅಳಿಯ ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಕೈಯಲ್ಲಿ ಹಿಡಿದ ವಿಡಿಯೋ ಗೇಮಿನ ಪೆಟ್ಟಿಗೆಯೊಳಗೆ ಬಂಡೆಯಡಿ ಸಿಕ್ಕಿದ್ದ ಯಾವನೋ ಸೈನಿಕನನ್ನು ಬಿಡಿಸುತ್ತ ಕೂತಿದ್ದ! ಸಿಕ್ಕಿಕೊಂಡವರನ್ನು ಬಿಡಿಸುವುದೇ ಅವನ ಕಸುಬು; ಅದಕ್ಕೆ ಸಂಬಳ ಬೇರೆ ಬರುತ್ತಿತ್ತು.

ಹೀಗಾಗಿ ಇಟ್ಟಿಗೆಯಂಥ ಆ ಹಳೆಯ ಆಟದ ಪೆಟ್ಟಿಗೆ ತಮ್ಮನ ಮನೆಗೆ ಗಡೀಪಾರಾಯಿತು. ಮೆಕ್ಯಾನಿಕ್‌ನ ಸನ್ಯಾಸ ಹತ್ತೊಂಬತ್ತು ದಿನ ಅಮೋಘವಾಗಿ ನಡೆಯಿತು.

ಇಪ್ಪತ್ತನೆಯ ದಿನ ಕಂಪನಿಯವರು ಅದೇ ಪೆಟ್ಟಿಗೆಯ ಹೊಸ ಮಾಡೆಲ್ ಬಿಟ್ಟರು. ಅದೇ ಪರದೆ, ಅದೇ ಗುಂಡಿಗಳು, ಆದರೆ ಮೈ ಮಾತ್ರ ಬಿಸ್ಕತ್ತಿನಷ್ಟು ತೆಳು! ಅಂಗಡಿಯ ಗಾಜಿನ ಹಿಂದೆ ಅದು ನಿಂತಿದ್ದ ವೈಯಾರ ನೋಡಿ ನಮ್ಮ ಸನ್ಯಾಸಿ ವಕೀಲನಾದ. 'ನಾನು ಬಿಟ್ಟಿದ್ದು ಪೆಟ್ಟಿಗೆಯನ್ನು. ಪೆಟ್ಟಿಗೆ ಎಂದಮೇಲೆ ಅದಕ್ಕೆ ದಪ್ಪ ಇರಬೇಕು. ಇದು ಹಾಳೆ!' ಕೇಸು ಗೆದ್ದ. ಹಾಳೆ ಅಂಗಿಯೊಳಗೆ ಸೇರಿ ಮನೆಗೆ ಬಂತು.

ಬಚ್ಚಿಡುವುದೆಲ್ಲಿ? ಹಿಂದಿನ ಕೋಣೆಯಲ್ಲಿ, ಅತ್ತೆಯ ಮಂಚದ ಪಕ್ಕದಲ್ಲೇ, ಗೋಡೆಗೆ ಸೇರಿಸಿ ಕಟ್ಟಿದ ಹಲಗೆಯ ಬೀರು ಇತ್ತು. ಅದರ ಮೇಲಿನ ಅರೆಯಲ್ಲಿ ಅವನ ಗ್ರೀಸು ಹಿಡಿದ ಹಳೆಯ ಸಮವಸ್ತ್ರ. ಹೆಂಡತಿ ಅದನ್ನು ಇಕ್ಕಳದಲ್ಲೂ ಮುಟ್ಟುವವಳಲ್ಲ. ಮಧ್ಯಾಹ್ನ ಮೂರು ಗಂಟೆ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಅವನು ಸ್ಟೂಲು ಹತ್ತಿ, ಬಟ್ಟೆಯ ಹಿಂದೆ ಕೈ ಹಾಕಿ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಹಿಂಬದಿಯ ಹಲಗೆಗಳ ನಡುವೆ ಬೆರಳಗಲದ ಬಿರುಕಿತ್ತು. ಹಳೆಯ ಮಾಡೆಲ್ಲಾಗಿದ್ದರೆ ಆ ಬಿರುಕಿನಲ್ಲಿ ಅದರ ಮೂಗೂ ತೂರುತ್ತಿರಲಿಲ್ಲ. ಇದು ಸರ್ರನೆ ಜಾರಿತು. ಹಲಗೆಗೂ ಗೋಡೆಗೂ ನಡುವಿನ ಪೊಳ್ಳಿನಲ್ಲಿ ಕೆಳಗೆ, ಇನ್ನೂ ಕೆಳಗೆ ಇಳಿದು, ಎಲ್ಲೋ ಟಪ್ ಎಂದು ನಿಂತಿತು. ಅವನ ಕೈ ಬರಿದಾಗಿ ಹೊರಗೆ ಬಂತು.

ಹೋದದ್ದು ಸುಮ್ಮನೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಅದರಲ್ಲಿ ಆಗಷ್ಟೇ ಒಂದು ಆಟ ಶುರುಮಾಡಿದ್ದ. ಆ ಆಟದಲ್ಲೊಂದು ಮರಿಪ್ರಾಣಿ ಇತ್ತು; ಸುತ್ತಮುತ್ತ ಯಾರು ಏನೇ ಅಂದರೂ ಕೇಳಿಸಿಕೊಂಡು, ಸಣ್ಣ ಸ್ವರದಲ್ಲಿ ಹಾಗೇ ಒಪ್ಪಿಸುವುದು ಅದರ ಕೆಲಸ. ಆಟ ನಿಲ್ಲಿಸಲು ಮರೆತಿದ್ದ.

ಸಂಜೆ ಹೆಂಡತಿ ಬಂದು ಅಮ್ಮನ ಕಣ್ಣಿಗೆ ಔಷಧಿ ಹಾಕುತ್ತ, "ಉಪ್ಪು ಮುಗಿದಿದೆ ಕಣ್ರೀ" ಅಂದಳು.

"ಉಪ್ಪು ಮುಗಿದಿದೆ ಕಣ್ರೀ" ಅಂದಿತು ಗೋಡೆ.

ಔಷಧಿಯ ಹನಿ ಕಣ್ಣಿಗೆ ಬೀಳುವ ಬದಲು ಮೂಗಿಗೆ ಬಿತ್ತು. ದನಿ ತೀರ ಸಣ್ಣದು. ಬಾವಿಯ ತಳದಲ್ಲಿ ಕೂತ ಗೊಂಬೆ ಮಾತಾಡಿದ ಹಾಗೆ.

"ಏನ್ರೀ ಅದು?"

"ಪ್ರತಿಧ್ವನಿ!" ಅವನು ತಕ್ಷಣ ತಜ್ಞನಾದ. "ಈ ಗೋಡೆ ಹಿಂದೆ ಲಿಫ್ಟ್ ಓಡಾಡೋ ಪೊಳ್ಳು, ಶಾಫ್ಟ್, ಇದೆ. ಗಾಳಿ ಒತ್ತಡ ಹೆಚ್ಚಾದ್ರೆ ಮಾತು ವಾಪಸ್ ಬರತ್ತೆ. ನಾವು ದಿನಾ ನೋಡ್ತೀವಿ."

"ವಾಪಸ್ ಬರತ್ತೆ" ಅಂದಿತು ಗೋಡೆ.

ಅವನ ಬೆನ್ನಲ್ಲಿ ಬೆವರಿನ ಒಂದು ಗೆರೆ ಇಳಿಯಿತು. ಆದರೆ ಒಳಗೊಳಗೇ ಲೆಕ್ಕ ಸರಿಯಿತ್ತು. ಡಬ್ಬದ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಹೆಚ್ಚೆಂದರೆ ಎರಡು ದಿನ, ಆಮೇಲೆ ಬ್ಯಾಟರಿ ಖಾಲಿ. ಎರಡು ದಿನ ಶಾಫ್ಟ್, ಗಾಳಿ, ಒತ್ತಡ ಎಂದು ಉಪನ್ಯಾಸ ಮಾಡಿ ತಳ್ಳಿದ. ಮೂರನೆಯ ದಿನ ಗೋಡೆ ತಣ್ಣಗಾಯಿತು. ಅವನು ಶಿಳ್ಳೆ ಹಾಕುತ್ತ ಸ್ನಾನ ಮಾಡಿದ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟೂವರೆಗೆ ಅತ್ತೆಯ ತಿಂಡಿಯ ತಟ್ಟೆ ಸ್ಟೂಲಿನ ಮೇಲಿಟ್ಟು, ಎಂದಿನಂತೆ ಬಾಗಿಲ ಕಡೆ ತಿರುಗಿದ.

"ಯಾರಾದ್ರೂ ಇದ್ದೀರಾ?"

ಅದೇ ಸಣ್ಣ ದನಿ. ಬೀರುವಿನ ಕಡೆಯಿಂದಲೇ. ಅವನ ಒಂದು ಕಾಲು ಹೊಸಿಲಿನಾಚೆ, ಇನ್ನೊಂದು ಈಚೆ. ಕೋಣೆಯಲ್ಲಿ ಬಿಸಿಲಿತ್ತು, ಕಿಟಕಿಯಾಚೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಜಗತ್ತೆಲ್ಲ ನೆಟ್ಟಗೇ ಇತ್ತು. ಆ ಬಿರುಕೊಂದೇ ಕಪ್ಪಗೆ ಅವನನ್ನೇ ನೋಡುತ್ತಿತ್ತು.

ಅವನಿಗೆ ಹೊಳೆದ ವಿಷಯ ಅವನ ರಕ್ತವನ್ನು ಹೆಪ್ಪುಗಟ್ಟಿಸಿತು. ಆಟದ ಮರಿ ಕೇಳಿದ್ದನ್ನಷ್ಟೇ ಒಪ್ಪಿಸುತ್ತದೆ. ಈ ಮಾತನ್ನು ಈ ಮನೆಯಲ್ಲಿ ಯಾರೂ ಆಡಿರಲಿಲ್ಲ.

"ಅತ್ತೆ... ನಿಮಗೆ ಕೇಳಿಸ್ತಾ?"

ಅತ್ತೆ ಬೀರುವಿನ ಕಡೆ ಮುಖ ಮಾಡಿ ಮಲಗಿದ್ದರು. ಶಾಲು ಮೂಗಿನ ತನಕ ಹೊದ್ದಿತ್ತು. "ಕೇಳಿಸ್ತು. ಪಾಪ, ಒಳಗೆ ಒಂದೇ ಇದೆ ಅನ್ಸತ್ತೆ" ಅಂದರು.

ಅಂದಿನಿಂದ ಗೋಡೆ ಶಿಸ್ತಿಗೆ ಬಿತ್ತು. ಬೆಳಿಗ್ಗೆ ಎಂಟೂವರೆಗೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ಕಚೇರಿಯ ವೇಳೆ ಪಾಲಿಸುವ ದೆವ್ವ! "ಕೂತ್ಕೊಳ್ಳಿ" ಅನ್ನುತ್ತಿತ್ತು. ಇವರು ಎದ್ದರೆ, "ಹೋಗ್ಬೇಡಿ" ಅನ್ನುತ್ತಿತ್ತು. ಗಂಡ ಹೆಂಡತಿ ಅತ್ತೆಯ ಮಂಚದ ಅಂಚಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು, ಗೋಡೆಯನ್ನೇ ದಿಟ್ಟಿಸುತ್ತ ಚಹಾ ಕುಡಿಯತೊಡಗಿದರು. ಸುಮ್ಮನಿದ್ದರೆ ಹೆದರಿಕೆ ಹೆಚ್ಚಾಗುತ್ತದೆಂದು ಮಾತಾಡಿದರು. ಲ್ಯಾಬಿನ ಸಮಾಚಾರ, ಲಿಫ್ಟಿನ ಸಮಾಚಾರ ಎಲ್ಲ ಬಂತು. ಅತ್ತೆಯೂ ಹಳೆಯ ಕಥೆಗಳನ್ನು ತೆಗೆದರು. ಮಧ್ಯೆ ಮಧ್ಯೆ ಮೂವರೂ ಗಪ್ಪೆಂದು ಸುಮ್ಮನಾದಾಗ, ಹಲಗೆಯ ಆಚೆಯಿಂದ, "ಆಮೇಲೆ?" ಎಂದು ಕೇಳುತ್ತಿತ್ತು.

ಆ 'ಆಮೇಲೆ' ಕೇಳಿದಾಗಲೆಲ್ಲ ಅವನ ತೋಳಿನ ಕೂದಲು ಲೆಕ್ಕಕ್ಕೆ ಸಿಗುವ ಹಾಗೆ ಒಂದೊಂದಾಗಿ ನಿಲ್ಲುತ್ತಿತ್ತು. ಬಾಯಿ ಬಿಟ್ಟು ಹೇಳಲಾರ. ಹೇಳಿದರೆ ಫ್ರಿಜ್ಜಿನ ಮೇಲಿನ ಕರಾರುಪತ್ರ! ಅದಕ್ಕಿಂತ ಹೆಚ್ಚಾಗಿ, ಹೇಳುವುದಾದರೂ ಏನನ್ನು? 'ನಾನು ಗೋಡೆಯೊಳಗೆ ಹಾಕಿದ್ದು ಒಂದು ಯಂತ್ರ. ಅದು ಸತ್ತು ಒಂದು ವಾರವಾಯಿತು. ಈಗ ಮಾತಾಡುತ್ತಿರುವುದು ಯಾರೆಂದು ನನಗೂ ಗೊತ್ತಿಲ್ಲ' ಎಂದೇ?

ಭಯ ಕೆಲಸದ ಜಾಗಕ್ಕೂ ಬಂತು. ಹದಿನಾರು ಮಹಡಿಯ ಕಟ್ಟಡ. ಏಳಕ್ಕೂ ಎಂಟಕ್ಕೂ ನಡುವೆ ಲಿಫ್ಟ್ ನಿಂತಿತ್ತು. ಎಂಟನೆಯ ಮಹಡಿಯಲ್ಲಿ ಬಾಗಿಲು ಮೀಟಿ, ಕತ್ತಲ ಶಾಫ್ಟಿನೊಳಗೆ ತಲೆ ಹಾಕಿದ. ಕೆಳಗಿನಿಂದ ಸಣ್ಣ ದನಿಯೊಂದು, "ಯಾರಾದ್ರೂ ಇದ್ದೀರಾ?" ಅಂದಿತು.

ಸ್ಪ್ಯಾನರ್ ಕೈಬಿಟ್ಟ. ಎಂಟು ಮಹಡಿಯ ಮೆಟ್ಟಿಲನ್ನು ಎರಡು ನಿಮಿಷದಲ್ಲಿ ಇಳಿದು ರಸ್ತೆ ದಾಟಿ ನಿಂತ. ಲಿಫ್ಟಿನೊಳಗಿದ್ದವರು ಶೀತ ಹಿಡಿದು ಗಂಟಲು ಕಟ್ಟಿದ್ದ ಒಬ್ಬ ಮ್ಯಾನೇಜರು. ಅವರನ್ನು ಜೊತೆಗಾರ ಹೊರಗೆಳೆದ.

"ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ" ಅಂದರು ಸೂಪರ್‌ವೈಸರು. "ಲಿಫ್ಟಲ್ಲಿ ಸಿಕ್ಕಿಕೊಂಡೋರು ಹೆದರ್ತಾರೆ. ಬಿಡಿಸೋಕೆ ಹೋದೋನು ಹೆದರಿ ಓಡಿದ್ದು ನಿನ್ನಿಂದಲೇ ಶುರು!"

ಇನ್ನು ತಡೆಯಲಾರದೆ ಬಡಗಿಯನ್ನು ಕರೆಸಿದ. ಬಡಗಿ ಬೀರುವನ್ನು ತಟ್ಟಿ, "ಹಿಂದಿನ ಹಲಗೆ ಬಿಚ್ಚಬೇಕಾ? ಹತ್ತು ನಿಮಿಷದ ಕೆಲಸ" ಎಂದು ಉಳಿ ತೆಗೆದ.

"ನಿಧಾನಕ್ಕೆ. ನಾನಿಲ್ಲೇ ಇದ್ದೀನಿ" ಅಂದಿತು ಬೀರು.

ಬಡಗಿ ಉಳಿಯನ್ನು ಚೀಲಕ್ಕೆ ಹಾಕಿದ. ಸುತ್ತಿಗೆಯನ್ನು ಹಾಕಿದ. ಅಳತೆ ಟೇಪನ್ನು ಕೂಡ ಮರೆಯದೆ ಹಾಕಿದ. "ಸ್ವಾಮೀ, ನಾನು ಮರದ ಕೆಲಸ ಮಾತ್ರ ಮಾಡೋದು" ಎಂದು, ಬೆನ್ನು ತೋರಿಸದೆ ಹಿಂದು ಹಿಂದಕ್ಕೇ ನಡೆದು ಹೊರಟುಹೋದ.

ಅಂದು ಸಂಜೆ ಹೆಂಡತಿ ನಿರ್ಧಾರ ಮಾಡಿದಳು. ಮಂಚದ ಪಕ್ಕ ನಿಂತು ಅಮ್ಮನ ಸೀರೆಗಳನ್ನು ಸೂಟ್‌ಕೇಸಿಗೆ ಮಡಚತೊಡಗಿದಳು. "ಅಮ್ಮನ್ನ ಈ ಕೋಣೆಯಲ್ಲಿ ಇನ್ನು ಇರಿಸೋಕಾಗಲ್ಲ ರೀ. ಭಾನುವಾರ ಅಕ್ಕ ಕಾರು ತಗೊಂಡು ಬರ್ತಾಳೆ. ಅಲ್ಲೇ ಇರಲಿ."

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಹೆಂಡತಿ ಇನ್ನೊಂದು ಸೀರೆ ಮಡಚುವಷ್ಟರಲ್ಲಿ, ಎಂದಿಗಿಂತಲೂ ಸಣ್ಣಗೆ, ಹಲಗೆಯ ಹಿಂದಿನಿಂದ ಬಂತು:

"ಅವರನ್ನ ಕಳಿಸ್ಬೇಡಿ."

ಹೆಂಡತಿಯ ಕೈಯಿಂದ ಸೀರೆ ಜಾರಿತು. ಅದನ್ನು ಎತ್ತಿಕೊಡಲು ಬಗ್ಗಿದ ಲಿಫ್ಟ್ ಮೆಕ್ಯಾನಿಕ್ ಹಾಗೇ ನೆಲದ ಮೇಲೆ ಕೂತುಬಿಟ್ಟ. ಭಯಕ್ಕಷ್ಟೇ ಅಲ್ಲ. ತಾನು ಮಾಡಿದ ಕಳ್ಳತನಕ್ಕೆ ಆ ಮುದುಕಿ ಮನೆ ಬಿಡಬೇಕಾಗಿ ಬಂದಿತ್ತು. ಆ ರಾತ್ರಿಯ ಊಟ ಅವನಿಗೆ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಸೂಟ್‌ಕೇಸು ಬಾಗಿಲ ಬಳಿ ನಿಂತಿತ್ತು. ಅವನು ಸ್ಕ್ರೂಡ್ರೈವರ್ ಹಿಡಿದು ರಣರಂಗಕ್ಕಿಳಿದ. "ಇವತ್ತು ಅದೋ, ನಾನೋ!"

ಹೆಂಡತಿ ಟಾರ್ಚ್ ಹಿಡಿದಳು. "ಜೋಪಾನ ರೀ" ಅಂದಳು. ಆ ಪ್ರೀತಿ ಅವನ ಮನಸ್ಸನ್ನು ಇನ್ನಷ್ಟು ಚುಚ್ಚಿತು. ಆದರೂ ಉಪಾಯ ಸಿದ್ಧವಿತ್ತು. ಪೆಟ್ಟಿಗೆ ಕೈಗೆ ಸಿಕ್ಕ ಕೂಡಲೇ ತುಂಬುತೋಳಿನ ಅಂಗಿಯೊಳಗೆ ಜಾರಿಸುವುದು. ಅಷ್ಟು ತೆಳ್ಳಗಿರುವುದಕ್ಕೆ ಅದೊಂದು ಪ್ರಯೋಜನ. ಆಮೇಲೆ, "ಏನೂ ಇಲ್ಲ, ಇನ್ನು ಸದ್ದು ಬರಲ್ಲ" ಎನ್ನುವುದು.

ಕೆಳಗಿನ ಹಲಗೆಯ ಆರು ಸ್ಕ್ರೂ ಬಿಚ್ಚಿದ. ಪೊಳ್ಳಿನೊಳಗಿನಿಂದ ತಣ್ಣನೆಯ, ಹಳೆಯ ಸುಣ್ಣದ ವಾಸನೆಯ ಗಾಳಿ ಮುಖಕ್ಕೆ ಬಡಿಯಿತು. ಭುಜದ ತನಕ ಕೈ ಹಾಕಿದ. ಜೇಡರ ಬಲೆ. ಮರದ ಪುಡಿ. ಆಮೇಲೆ ನುಣ್ಣನೆಯ ಅಂಚು.

ಮುಟ್ಟಿದ ಕೂಡಲೇ ಗೊತ್ತಾಯಿತು. ಕಲ್ಲಿನಷ್ಟು ತಣ್ಣಗಿತ್ತು. ಗುಂಡಿ ಒತ್ತಿದ, ಬೆಳಕಿಲ್ಲ. ಮತ್ತೆ ಒತ್ತಿದ, ಕೆಂಪು ಚುಕ್ಕೆ ಕೂಡ ಇಲ್ಲ. ಮೈಮೇಲೆ ಕದಡದ ಧೂಳಿನ ಪದರ ಬೇರೆ. ಸತ್ತು ಬಹಳ ದಿನವಾಗಿತ್ತು. ಹೇಗೋ ಅದನ್ನು ತೋಳಿನೊಳಗೆ ಜಾರಿಸಿದ.

"ಸಿಕ್ತಾ?" ಅಂದಿತು ಸಣ್ಣ ದನಿ. ಅವನ ಕಿವಿಯ ಪಕ್ಕದಲ್ಲೇ!

ಮುಂದಿನದನ್ನು ಹೇಳಲು ಅವನ ಮಾನ ಒಪ್ಪುವುದಿಲ್ಲ, ನಾವೇ ಹೇಳಬೇಕು. ಕೂತಲ್ಲಿಂದಲೇ ಹಾರಿದ. ತಲೆ ಅರೆಗೆ ಬಡಿಯಿತು, ಗ್ರೀಸಿನ ಸಮವಸ್ತ್ರ ಮುಖದ ಮೇಲೆ ಬಿತ್ತು. ಯಾರೋ ಹಿಡಿದರೆಂದು ಅದರ ಜೊತೆ ಮಲ್ಲಯುದ್ಧ ಮಾಡಿದ. ತೋಳಿನಿಂದ ಚಿಮ್ಮಿದ ತೆಳ್ಳಗಿನ ಮಾಡೆಲ್ಲು ನೆಲದ ಮೇಲೆ ಸುಯ್ಯನೆ ಜಾರಿ ಹೆಂಡತಿಯ ಪಾದದ ಹತ್ತಿರ ನಿಂತಿತು.

"ಸತ್ತಿದೆ ಕಣೇ! ಬ್ಯಾಟರಿ ಸತ್ತಿದೆ! ಆದ್ರೂ ಮಾತಾಡ್ತಿದೆ!"

ಹೆಂಡತಿ ಪೆಟ್ಟಿಗೆಯನ್ನು ನೋಡಲಿಲ್ಲ. ಸೂಜಿಗೆ ರಕ್ತನಾಳ ಹುಡುಕುವ ಕಣ್ಣು ಅವಳದು. ಟಾರ್ಚನ್ನು ನಿಧಾನವಾಗಿ ಮಂಚದ ಕಡೆ ತಿರುಗಿಸಿದಳು. ಮೂಗಿನ ತನಕ ಹೊದ್ದಿದ್ದ ಶಾಲು ಗಡಗಡ ನಡುಗುತ್ತಿತ್ತು. ಅದು ಚಳಿಗೂ ಅಲ್ಲ, ಭಯಕ್ಕೂ ಅಲ್ಲ. ಅತ್ತೆ ನಗು ತಡೆಯಲಾರದೆ ಒದ್ದಾಡುತ್ತಿದ್ದರು.

"ಅಮ್ಮಾ! ನೀನಾ?"

ಶಾಲು ಕೆಳಗಿಳಿಯಿತು. "ಮೊದಲೆರಡು ದಿನ ಅದೇ ಮಾತಾಡಿದ್ದು ಕಣೇ. ಆಮೇಲೆ ಸುಮ್ಮನಾಯ್ತು. ಮೂವತ್ತು ವರ್ಷ ಇಲಿ, ಮೊಲ, ರಾಕ್ಷಸಿ ಎಲ್ಲದರ ದನಿ ಮಾಡಿದ್ದೀನಿ. ಇದೇನು ಮಹಾ?"

"ಹೀಗೆ ಹೆದರಿಸೋದೇನಮ್ಮಾ? ಯಾಕೆ ಮಾಡಿದೆ?"

ಅತ್ತೆಯ ನಗು ನಿಂತಿತು. ಬೆರಳಿಂದ ಶಾಲಿನ ಅಂಚು ಸವರಿದರು.

"ಐದು ತಿಂಗಳಿಂದ ನಾನು ಮಾತಾಡಿದ್ರೆ ತಟ್ಟೆ ಇಟ್ಟು ಹೋಗ್ತಿದ್ರಿ. ಗೋಡೆ ಮಾತಾಡಿತು ನೋಡು, ಇಬ್ಬರೂ ಬಂದು ಕೂತ್ಕೊಂಡ್ರಿ."

ಬಿಚ್ಚಿದ ಹಲಗೆಯ ಹಿಂದಿನಿಂದ ತಣ್ಣನೆಯ ಗಾಳಿ ಬರುತ್ತಲೇ ಇತ್ತು. ಹೆಂಡತಿ ಟಾರ್ಚ್ ಆರಿಸಿ, ಅಕ್ಕನಿಗೆ ಫೋನ್ ಮಾಡಿ, "ಕಾರು ಬೇಡ. ಅಮ್ಮ ಎಲ್ಲಿಗೂ ಬರಲ್ಲ" ಅಂದಳು. ಮೂಗೊರೆಸಿಕೊಂಡು ಅಮ್ಮನ ಕಾಲ ಬಳಿ ಕೂತಳು. ಲಿಫ್ಟ್ ಮೆಕ್ಯಾನಿಕ್ ಕೂಡ ತಲೆಯ ಬುಗುಟು ಸವರಿಕೊಳ್ಳುತ್ತ ಮೆಲ್ಲಗೆ ಮಂಚದ ಅಂಚಿಗೆ ಬಂದ. ಗಂಡಾಂತರ ಕಳೆಯಿತೆಂದೇ ಅವನ ಎಣಿಕೆ.

ಅಷ್ಟರಲ್ಲಿ ಹೆಂಡತಿ ಬಗ್ಗಿ ನೆಲದ ಮೇಲಿದ್ದುದನ್ನು ಎತ್ತಿ, ಧೂಳು ಊದಿದಳು.

"ರೀ, ಇದು ಗೋಡೆ ಒಳಗೆ ಹೇಗೆ ಹೋಯ್ತು?"

"ಅದಾ..." ಅವನು ಬೆನ್ನು ನೆಟ್ಟಗೆ ಮಾಡಿಕೊಂಡ. "ಹಳೇ ಬಾಡಿಗೆಯವರದ್ದು ಇರಬೇಕು. ಎಷ್ಟೋ ವರ್ಷದ ಹಿಂದಿಂದು. ನೋಡಿದ್ರೇ ಗೊತ್ತಾಗತ್ತೆ, ಹಳೇ ಕಾಲದ ಮಾಲು."

ಶಾಲು ಮೆಲ್ಲಗೆ ಮತ್ತೆ ಮೂಗಿನ ತನಕ ಏರಿತು.

"ಅಳಿಯಂದ್ರದ್ದೇ" ಅಂದಿತು ಗೋಡೆ.