ಗೂಟ ಕಿತ್ತು ಗೋಡೆ ಹಿಡಿದ ಏಳು ಮೌಲ್ಯಗಳಿಗೆ

ನಮ್ಮ ಶಿಶುವಿಹಾರದ ಬಾಗಿಲ ಪಕ್ಕದ ಗೋಡೆಯಲ್ಲಿ ಬಣ್ಣದ ಹಲಗೆಯಾಗಿ ನೆಲೆಸಿರುವ ಮಾನ್ಯ ಮಾರ್ಗದರ್ಶಿ ಮೌಲ್ಯಗಳೇ,

ತಾವು ಏಳು ಮಂದಿಯೂ ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ತಮ್ಮ ಮೈ ಒರೆಸುವವಳು ನಾನೇ ಆದ್ದರಿಂದ ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ವರ್ಷದಿಂದ ಇಲ್ಲಿ ಆಯಾ ಆಗಿದ್ದೇನೆ. ಓದಿದ್ದು ಹಳ್ಳಿ ಶಾಲೆಯ ಏಳನೆಯ ತರಗತಿಯವರೆಗೆ, ಹಾಗಾಗಿ ತಮ್ಮನ್ನು ತಡವರಿಸದೆ ಓದಬಲ್ಲೆ: ಪ್ರೀತಿ, ಗೌರವ, ಸುರಕ್ಷೆ, ಸ್ವಾವಲಂಬನೆ, ಕುತೂಹಲ, ಸಹಭಾಗಿತ್ವ, ಸಮಾನತೆ. ತಾವು ಬಂದ ದಿನ ನನಗೆ ಅರಿವಿಲ್ಲದೆಯೇ ಕೈಮುಗಿದಿದ್ದೆ. ಅದನ್ನು ಹಿಂದಕ್ಕೆ ಪಡೆಯುವುದಿಲ್ಲ. ದೇವರಿಗೆ ಸಂದಿತು ಎಂದುಕೊಂಡಿದ್ದೇನೆ.

ತಮಗೆ ತಿಳಿದಿರಲಾರದು, ತಾವು ಸಾಲಾಗಿ ನಿಂತಿರುವ ಈ ಜಾಗದಲ್ಲಿ ಮೊದಲು ಹತ್ತೊಂಬತ್ತು ಮರದ ಗೂಟಗಳಿದ್ದವು. ಒಂದೊಂದಕ್ಕೂ ಒಂದೊಂದು ಚಿತ್ರ: ಕೊಡೆ, ಮೀನು, ಗಡಿಯಾರ, ಹೀಗೆ. ಅಂಗೈಯಗಲದ ಮಕ್ಕಳು ಬಂದು ತಮ್ಮ ಚಿತ್ರ ಹುಡುಕಿ ತಾವೇ ಚೀಲ ನೇತುಹಾಕಿ ಆಟಕ್ಕೆ ಓಡುತ್ತಿದ್ದವು. ಆದರೆ ನಮ್ಮ ಮೇಡಂ ಮೂರು ದಿನದ ತರಬೇತಿ ಮುಗಿಸಿ ಬಂದವರೇ, ಮೌಲ್ಯಗಳು ಮಕ್ಕಳ ಕಣ್ಣೆತ್ತರದಲ್ಲೇ ಇರತಕ್ಕದ್ದೆಂದು ಬಡಗಿಯನ್ನು ಕರೆಸಿ, ಗೂಟಗಳನ್ನು ಕೀಳಿಸಿ, ಅಲ್ಲಿ ತಮ್ಮ ಹಲಗೆ ಕೂರಿಸಿ, ಗೂಟಗಳನ್ನು ಹಲಗೆಯ ನೆತ್ತಿಯ ಮೇಲೆ, ಅಂದರೆ ನನ್ನ ಹಣೆಯ ಎತ್ತರಕ್ಕೆ ಹೊಡೆಸಿದರು. “ಮಕ್ಕಳಿಗೆ ಓದಕ್ಕೇ ಬರಲ್ವಲ್ಲಾ ಮೇಡಂ” ಎಂದೆ. “ಓದ್ದೇ ಇದ್ರೂ ಒಳಗೆ ಇಳಿಯುತ್ತೆ ಆಯಮ್ಮ” ಎಂದರು. ಇಳಿಯುವುದು ಒತ್ತಟ್ಟಿಗಿರಲಿ, ಅಂದಿನಿಂದ ಏರುವುದಂತೂ ನಿಂತಿಲ್ಲ. ಬೆಳಿಗ್ಗೆ ಹದಿನೆಂಟು, ಸಂಜೆ ಹದಿನೆಂಟು ಸಲ (ಹತ್ತೊಂಬತ್ತನೆಯವಳ ಮಾತು ಆಮೇಲೆ) ಮಕ್ಕಳನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ, ಅವರಿಗೆ ಸ್ವಾವಲಂಬನೆ ಕಲಿಸುತ್ತಿದ್ದೇನೆ. ಎತ್ತಿದ ಮಗುವಿನ ಬೂಟು ಹೋಗಿ ಗೌರವದ ಮುಖಕ್ಕೇ ಬಡಿಯುತ್ತದೆ. ಆ ಗುರುತು ಒರೆಸುವ ಭಾಗ್ಯವೂ ನನ್ನದೇ. ಸೊಂಟದ ಮಾತು ಬಿಡಿ. ಅದು ನನ್ನದು, ತಮ್ಮಲ್ಲಿ ಯಾರ ವ್ಯಾಪ್ತಿಗೂ ಬರುವುದಿಲ್ಲ.

ನನ್ನ ದೂರು ಬೇರೆ. ನಮ್ಮಲ್ಲಿ ಮೂರು ವರ್ಷದ ಹುಡುಗಿ ಇದ್ದಾಳೆ, ಸಣಕಲಿ, ಎಲ್ಲರೂ ಕಡ್ಡಿ ಎನ್ನುತ್ತೇವೆ. ತಾಯಿ ಬಸ್ಸಿನ ಕಂಡಕ್ಟರು. ಮಗಳನ್ನು ಬಿಟ್ಟು ಮೊದಲ ಟ್ರಿಪ್ಪಿಗೆ ಓಡಬೇಕು. ಸೇರಿದ ಹೊಸದರಲ್ಲಿ ಕಡ್ಡಿ ಅತ್ತ ಅಳುವಿಗೆ ಬೀದಿಯ ನಾಯಿಗಳೇ ಸುಮ್ಮನಾಗುತ್ತಿದ್ದವು. ಆ ಅಳು ನಿಂತದ್ದು ಒಂದೇ ಉಪಾಯದಿಂದ: ಮೀನಿನ ಗೂಟಕ್ಕೆ ಚೀಲವನ್ನು ತಾನೇ ಹಾಕಬೇಕು, ಬೇರೆಯವರು ಮುಟ್ಟಕೂಡದು. ಹಾಕಿದಳೆಂದರೆ ಈ ಮನೆಯಲ್ಲಿ ತನಗೂ ಒಂದು ಜಾಗವಿದೆ ಎಂದು ಅವಳ ಹೊಟ್ಟೆಗೆ ತಿಳಿದಂತೆ. ಗೂಟ ಮೇಲೇರಿದ ದಿನ ನಾನು ಎತ್ತಹೋದರೆ ಸೆಟೆದು ನಿಂತು, “ಆಯಮ್ಮ ಎತ್ತಿದ್ರೆ ಅದು ನಂದಲ್ಲ” ಎಂದವಳೇ ಹೊರಗಿನ ಮೆಟ್ಟಿಲ ಮೇಲೆ ಚೀಲ ತಬ್ಬಿ ಕುಳಿತಳು. ಎಂಟು ದಿನ ಅಲ್ಲೇ ಕೂತಳು. ಮೇಡಂ ತಾಯಿಗೆ, “ಮಗು ಇನ್ನೂ ಸಿದ್ಧವಾಗಿಲ್ಲ ಅನ್ಸುತ್ತೆ, ಸೋಮವಾರದವರೆಗೆ ನೋಡೋಣ, ಇಲ್ಲಾಂದ್ರೆ ಮುಂದಿನ ವರ್ಷ ಕರ್ಕೊಂಡ್ ಬನ್ನಿ” ಎಂದುಬಿಟ್ಟರು. ಆಕೆ ಗೇಟಿನ ಬಳಿ ನನ್ನನ್ನು ಹಿಡಿದು, “ಇನ್ನೊಂದು ವರ್ಷ ಇವಳ್ನ ಟಿಕೆಟ್ ಚೀಲದಲ್ಲಿ ಹಾಕ್ಕೊಂಡು ತಿರುಗ್ಲಾ ಆಯಮ್ಮ?” ಎಂದು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು.

ಹಲಗೆ ಮೇಲಿರಲಿ, ಗೂಟ ಕೆಳಗಿರಲಿ ಎಂದು ಮೇಡಂಗೆ ಎರಡು ಸಲ ಹೇಳಿದೆ. ಮೌಲ್ಯಗಳನ್ನು ಅಲುಗಾಡಿಸಬಾರದಂತೆ. ಆದ್ದರಿಂದ ತಮಗೇ ಬಿನ್ನವಿಸಿಕೊಂಡೆ: ಪ್ರೀತಿಯವರು ಒಂದು ಗಳಿಗೆ ಗೋಡೆಯಿಂದಿಳಿದು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಬರಬೇಕು, ಸಹಭಾಗಿತ್ವದವರು ದಯಮಾಡಿ ಒಂದು ಗೇಣು ಸರಿದುಕೊಳ್ಳಬೇಕು, ಕುತೂಹಲದವರು ಈ ಮಗು ಯಾಕೆ ಹೊರಗಿದೆ ಎಂದು ಒಂದೇ ಒಂದು ಸಲ ಕೇಳಬೇಕು. ನಾನು ನಂಬಿದ ದೇವರು ಅಷ್ಟು ದೊಡ್ಡವನಾದರೂ ಕೂಗಿದರೆ ಬಗ್ಗಿ ನೋಡುತ್ತಾನೆ. ತಮ್ಮ ಘನತೆ ಅದಕ್ಕಿಂತ ಹೆಚ್ಚಿನದು, ತಾವು ಅಲ್ಲಾಡಲಿಲ್ಲ.

ಇಂದು ಸೋಮವಾರ. ಮೇಡಂ ಬರುವ ಮುಂಚೆ ದೇವರನ್ನು ನೆನೆದು, ಮೀನಿನ ಗೂಟವನ್ನು ತಿರುಪಿ ಬಿಚ್ಚಿ, ತಮ್ಮ ಪೈಕಿ ಸ್ವಾವಲಂಬನೆಯವರ ನಟ್ಟನಡುವೆ ತೂತು ಕೊರೆದು ಕೂರಿಸಿದೆ. ನೋವಾಗಿದ್ದರೆ ಕ್ಷಮಿಸಿ. ಕಡ್ಡಿ ಮೆಟ್ಟಿಲಿಗೆ ಬಂದಳು, ಕೂರಲು ಬಗ್ಗಿದಳು, ಬಾಗಿಲೊಳಗೆ ಕಣ್ಣು ಹಾಯಿಸಿದಳು. ಎದ್ದು ಒಳಗೆ ಬಂದು ಚೀಲ ಹಾಕಿ, ಅದು ಬೀಳುತ್ತದೋ ಎಂದು ಒಮ್ಮೆ ಜಗ್ಗಿ ನೋಡಿ, ಹಿಂತಿರುಗಿಯೂ ನೋಡದೆ ಮಣ್ಣಿನಾಟದ ಮೇಜಿಗೆ ಹೋದಳು. ತಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. “ಬಸ್ ಹೋಗುತ್ತೆ ಕಣಮ್ಮಾ, ಓಡು” ಎಂದು ನಾನೇ ಅಟ್ಟಿದೆ.

ಚೀಲ ನೇತಾಡುತ್ತಿರುವುದರಿಂದ ಸ್ವಾವಲಂಬನೆಯವರು ಸದ್ಯಕ್ಕೆ ಕಾಣುತ್ತಿಲ್ಲ. ಆದರೆ ಗೋಡೆಗೆ ಬಂದಾಗಿನಿಂದ ಅವರು ಕೆಲಸ ಮಾಡಿದ್ದನ್ನು ನಾನು ಕಂಡದ್ದು ಇವತ್ತೇ. ಈ ಪತ್ರವನ್ನು ಬಾಗಿಲಿಗೆ ಅಂಟಿಸುತ್ತಿದ್ದೇನೆ, ಓದಲು ಬರುವವರ ಕಣ್ಣೆತ್ತರಕ್ಕೆ.

ನಾಳೆಯೂ ಕೆಲಸ ಉಳಿದಿದ್ದರೆ ತಮ್ಮ ಧೂಳೊರೆಸಲು ಬರುವ,
ತಮ್ಮ ವಿಶ್ವಾಸಿ,
ಆಯಮ್ಮ

ತಾ.ಕ.: ಕೊಡೆಯ ಚಿತ್ರದ ಹುಡುಗ ಇದನ್ನೆಲ್ಲ ನೋಡಿ, ಚೀಲ ಹಿಡಿದು ಪ್ರೀತಿಯವರ ಮುಂದೆ ಕಾಯುತ್ತಾ ನಿಂತಿದ್ದಾನೆ. ಇನ್ನು ಹದಿನೆಂಟು ಚೀಲಗಳಿವೆ, ತಾವು ಆರು ಮಂದಿ ಸುಮ್ಮನೆ ನಿಂತಿದ್ದೀರಿ. ತಲೆಗೆ ಮೂರರಂತೆ ಹೊತ್ತರೆ ಸಾಕು. ತಿರುಪುಳಿ ನನ್ನ ಸೆರಗಿನಲ್ಲೇ ಇದೆ.