ತಾಳಿ ಎತ್ತಿದ ಕೂಡಲೇ ಆಫ್ ಆಗುವ ಕಂಪ್ಯೂಟರ್

ಇಲ್ಲಿ ಬರೆದ ಒಂದೊಂದು ಅಕ್ಷರವೂ ಸತ್ಯ. ಬೇಕಾದರೆ ಕೊಟ್ಟೂರಿನ ನನ್ನ ಜೆರಾಕ್ಸ್ ಮಶೀನಿನ ಮೇಲೆ ಕೈಯಿಟ್ಟು ಆಣೆ ಮಾಡುತ್ತೇನೆ. ಅದೂ ಮಶೀನು ಬಿಸಿ ಇದ್ದಾಗ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ. ಸುತ್ತ ಇರುವವರೆಲ್ಲ ದಡ್ಡರು. ಹಾಗಾಗಿ ನನಗೆ ಇಂಥವು ನಡೆಯುತ್ತಲೇ ಇರುತ್ತವೆ.

ಈ ಸಲ ಬಂದವಳು ಅಕ್ಕನ ಮಗಳು. ಮದುವೆ ವಿಡಿಯೋ ಎಡಿಟ್ ಮಾಡಲಿಕ್ಕೆ, ಬಿಡುವಾದಾಗ ಗೇಮ್ ಆಡಲಿಕ್ಕೆ ಅವಳಿಗೊಂದು ಕಂಪ್ಯೂಟರ್ ಜೋಡಿಸಬೇಕಿತ್ತು. ಹಡಗಲಿಯವರ ಮದುವೆ ಅವಳ ಮೊದಲ ಆರ್ಡರ್. ಭಾನುವಾರದೊಳಗೆ ವಿಡಿಯೋ ಕೈಗೆ ಬರದಿದ್ದರೆ ಹರಪನಹಳ್ಳಿಯ ಸ್ಟುಡಿಯೋದವನಿಗೆ ಕೊಡುತ್ತೇವೆ ಅಂದಿದ್ದರು.

೧. ಏಳು ಬಣ್ಣ

ಹಗರಿಬೊಮ್ಮನಹಳ್ಳಿಯ ಅಂಗಡಿಯವನು ನಾವು ಒಳಗೆ ಕಾಲಿಟ್ಟ ಕೂಡಲೇ ಒಂದು ಗಾಜಿನ ಕ್ಯಾಬಿನೆಟ್ಟಿನ ಸ್ವಿಚ್ ಹಾಕಿದ.

"ನೋಡ್ರಿ ಸರ, ಏಳು ಬಣ್ಣ!"

"ಒಳಗ ಏನೈತಿ?"

"ಒಳಗೂ ಲೈಟ್ ಐತ್ರಿ."

"ಗ್ರಾಫಿಕ್ಸ್ ಕಾರ್ಡ್?"

"ಅದಕ್ಕೂ ಲೈಟ್ ಬರ್ತೈತ್ರಿ."

"ಇದರಾಗ ವಿಡಿಯೋ ಎಡಿಟಿಂಗ್ ಆಗತೈತೇನಪ್ಪಾ?"

ಪುಣ್ಯಾತ್ಮ ಗಲ್ಲ ಕೆರೆದುಕೊಂಡ. "ಲೈಟ್ ಆಫ್ ಮಾಡಿದ್ರ ಆಗಬಹುದ್ರಿ."

೨. ಡೇರಿ ಸಲಹೆ

ಕೂಡ್ಲಿಗಿಯಲ್ಲಿ ನನ್ನೊಬ್ಬ ಗೆಳೆಯನಿದ್ದಾನೆ, ಹಾಲಿನ ಡೇರಿಯಲ್ಲಿ ಲೆಕ್ಕ ಟೈಪು ಮಾಡುವವನು. ಹುಡುಗಿ ಮೂವತ್ತೆರಡು ಜಿಬಿ ರ‍್ಯಾಮ್ ಬೇಕು ಅಂದದ್ದಕ್ಕೆ ಫೋನಿನಲ್ಲೇ ನಕ್ಕ. "ನಮ್ಮದು ನಾಕು ಜಿಬಿ ಐತಿ. ಆರಾಮ ಅದೀನಿ."

"ವಿಡಿಯೋ ನಡಿತೈತೇನಲೇ?"

"ನಡಿತೈತಿ. ನಿಂತು ನಿಂತು ನಡಿತೈತಿ."

೩. ತಕ್ಕಡಿ

ಕೊನೆಗೆ ಹುಡುಗಿ ತಾನೇ ಬರೆದಿಟ್ಟುಕೊಂಡ ಪಟ್ಟಿಯಂತೆ ಸಾಮಾನು ತಂದೆವು. ಅವಳ ಅಪ್ಪ, ಅಂದರೆ ನಮ್ಮ ಭಾವ, ಬೀಜ-ಗೊಬ್ಬರದ ವ್ಯಾಪಾರಿ. ಏನೇ ಬರಲಿ, ತಕ್ಕಡಿಗೆ ಇಡದೆ ನಂಬುವವನಲ್ಲ. ಪವರ್ ಸಪ್ಲೈ ಇಟ್ಟ, "ಇದು ಮಾಲು" ಅಂದ. ಪ್ರೊಸೆಸರ್ ಇಟ್ಟ. ಮುಳ್ಳು ಮಿಸುಕಲಿಲ್ಲ.

"ಲೇ, ಇದೇ ಎಲ್ಲಾದಕಿಂತ ತುಟ್ಟಿ ಅಂತೀರಿ, ತೂಕಾನ ಇಲ್ಲ! ಟೋಪಿ ಹಾಕ್ಯಾನ ನಿಮಗ."

"ಅಪ್ಪಾ, ಅದು ಕಂಪ್ಯೂಟರಿನ ಮೆದುಳು," ಅಂದಳು ಮಗಳು.

ಭಾವ ನನ್ನ ಕಡೆ ತಿರುಗಿದ. "ಹಂಗಾರ ಸರಿ. ನಿಮ್ಮ ಮಾಮಂದೂ ಇಷ್ಟ ಇರಬೇಕು ತೂಕ."

೪. ನಿಲ್ಲದ ಮದುವೆ

ಶನಿವಾರ, ಭಾವನ ಮನೆ. ಪ್ರೊಸೆಸರ್ ಕೂರಿಸಿ, ಅದರ ಬಿಸಿ ಫ್ಯಾನಿಗೆ ದಾಟಲೆಂದು ಮೇಲೆ ಹಚ್ಚುವ ಪೇಸ್ಟಿನ ಟ್ಯೂಬು ಪಕ್ಕದಲ್ಲಿಟ್ಟು, ಹುಡುಗಿ ಬಸ್ಸಿನವನು ತಂದ ಹಡಗಲಿಯ ಮೆಮರಿ ಕಾರ್ಡ್ ಇಸಿದುಕೊಳ್ಳಲು ಸ್ಟ್ಯಾಂಡಿಗೆ ಹೋದಳು. ಆಗ ಭಾವ ಬಂದ. ಹೊಸ ಸಾಮಾನಿಗೆ ವಿಭೂತಿ ಇಲ್ಲದಿದ್ದರೆ ಹೇಗೆ? ಒದ್ದೆ ಮಾಡಿ, ಪ್ರೊಸೆಸರಿನ ಹಣೆಗೆ ಮೂರು ಬೆರಳು ಎಳೆದ. ಮೇಲೆ ಫ್ಯಾನು ಬಿಗಿದಾಯಿತು.

ಹುಡುಗಿ ಬಂದು ಅಂಚಿನಲ್ಲಿ ಬೆಳ್ಳಗೆ ಕಂಡದ್ದು ನೋಡಿ, "ಪೇಸ್ಟ್ ಹಚ್ಚಿದೇನು ಮಾಮಾ?" ಅಂದಳು.

"ಹಚ್ಚೈತಿ," ಅಂದೆ.

ಎಡಿಟ್ ಮುಗಿಸಿ ವಿಡಿಯೋ ತಯಾರಾಗಲು ಹಾಕಿದಳು. ಮದುಮಗ ತಾಳಿ ಎತ್ತಿದ. ಕಂಪ್ಯೂಟರ್ ಆಫ್! ಮತ್ತೆ ಹಾಕಿದಳು. ತಾಳಿ ಎತ್ತಿದ, ಆಫ್. ಮೂರನೇ ಸಲವೂ ಹಾಗೇ ಆದಾಗ, ಊಟಕ್ಕೆಂದು ಬಂದಿದ್ದ ಭಾವ ಹಿಂದೆ ನಿಂತು ನೋಡಿ ಹೇಳಿದ: "ಹುಡುಗಗ ಮನಸಿಲ್ಲ ಬಿಡವ್ವಾ. ಆರ್ಡರ್ ವಾಪಸ್ ಕೊಡು."

ಹುಡುಗಿಯ ಕಣ್ಣು ತುಂಬಿತ್ತು. ಸ್ಕ್ರೂಡ್ರೈವರ್ ತಗೊಂಡು ಫ್ಯಾನು ಬಿಚ್ಚಿದಳು. ಕೆಂಡದಂತೆ ಕಾದ ಪ್ರೊಸೆಸರಿನ ಮೇಲೆ ಮೂರು ಬೆರಳಿನ ಗುರುತು! ಒರೆಸಿ, ಟ್ಯೂಬಿನದ್ದು ಹಚ್ಚಿದಳು. ಮದುಮಗ ತಾಳಿ ಎತ್ತಿದ, ಕಟ್ಟಿದ, ಅಕ್ಕಿಕಾಳೂ ಬಿದ್ದವು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಿಡಿಯೋ ಹಡಗಲಿಗೆ ಹೋಯಿತು. ಈಗ ಅವಳ ಕೈಯಲ್ಲಿ ಇನ್ನೂ ಎರಡು ಮದುವೆ ಇವೆ.

ಎಲ್ಲ ಸತ್ಯ ಅಂದೆನಲ್ಲ, ಒಂದೇ ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿದ್ದು. ವಿಭೂತಿ ಹಚ್ಚುವ ಹೊತ್ತಿಗೆ ಭಾವ ಮನೆಯಲ್ಲಿರಲಿಲ್ಲ. ಅಂಗಡಿಯಲ್ಲಿ ಶೇಂಗಾಬೀಜ ತೂಗುತ್ತಿದ್ದ. ಮನೆಯಲ್ಲಿದ್ದವನು ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಒಬ್ಬನೇ ಇರುವ ಕಂಪ್ಯೂಟರ್ ಪಂಡಿತ.